ಮುನ್ಸೀಫ್ ಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ: ಫಾತಿಮಾ ಬೀವಿ

ನಮ್ಮ ದೇಶದ ಕೋರ್ಟುಗಳು ಒಂದರ ಮೇಲೊಂದು ಹೇಗೆ ನಿಂತಿವೆ ಎಂಬುದು ಪಠ್ಯಪುಸ್ತಕದ ನಕ್ಷೆಯಿಂದ ತಲೆಗೆ ಹತ್ತುವುದಿಲ್ಲ. ಆ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಹತ್ತಿದವರನ್ನು ಹಿಂಬಾಲಿಸಿದರೆ ಹತ್ತುತ್ತದೆ. ಅದಕ್ಕೆ ಎಂ. ಫಾತಿಮಾ ಬೀವಿ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1927ರಲ್ಲಿ ಕೇರಳದ ಪತ್ತನಂತಿಟ್ಟದಲ್ಲಿ ಹುಟ್ಟಿದ ಅವರು ಓದಿದ್ದು ವಿಜ್ಞಾನ. ಕಾನೂನಿನ ಕಡೆ ತಿರುಗಿಸಿದ್ದು ತಂದೆ. ಅಣ್ಣಾ ಚಾಂಡಿ ಎಂಬ ಮಹಿಳೆ 1937ರಲ್ಲೇ ತಿರುವಾಂಕೂರಿನಲ್ಲಿ ಮುನ್ಸೀಫ್ ಆಗಿದ್ದರು. ಮಗಳೂ ಹಾಗಾಗಲಿ ಎಂಬುದು ತಂದೆಯ ಆಸೆ. ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಆರಂಭವಾದ 1950ರಲ್ಲೇ, ನವೆಂಬರಿನಲ್ಲಿ, ಫಾತಿಮಾ ಬೀವಿ ವಕೀಲರಾಗಿ ಹೆಸರು ನೋಂದಾಯಿಸಿದರು.

1958ರಲ್ಲಿ ಮುನ್ಸೀಫ್ ಆದರು. ಇದು ಸಿವಿಲ್ ಕೋರ್ಟುಗಳ ಮೊದಲ ಮೆಟ್ಟಿಲು. ನಮ್ಮಲ್ಲಿ ಈಗ ಸಿವಿಲ್ ನ್ಯಾಯಾಧೀಶರು, ಕಿರಿಯ ಶ್ರೇಣಿ ಎನ್ನುತ್ತಾರೆ. ಹಳ್ಳಿಯ ಹಿರಿಯರ ಬಾಯಲ್ಲಿ ಇನ್ನೂ ಮುನ್ಸೀಫ್ ಕೋರ್ಟೇ. ಬದುವಿನ ಜಗಳ, ಬಾಡಿಗೆ, ಕೈಸಾಲದ ದಾವೆ ಬಂದು ನಿಲ್ಲುವುದು ಅಲ್ಲಿ. (ಬಿಡುವಾದಾಗ ಒಮ್ಮೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.) 1968ರಲ್ಲಿ ಅಧೀನ ನ್ಯಾಯಾಧೀಶೆ, 1972ರಲ್ಲಿ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್, 1974ರಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶೆ. ಕೊಲೆ ಮೊಕದ್ದಮೆಯ ವಿಚಾರಣೆ ನಡೆಯುವುದು ಈ ಸೆಷನ್ಸ್ ಕೋರ್ಟಿನಲ್ಲಿ. ನಡುವೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ಆಮೇಲೆ 1983ರಲ್ಲಿ ಕೇರಳ ಹೈಕೋರ್ಟ್. ಮುನ್ಸೀಫ್ ಕುರ್ಚಿಯಿಂದ ಇಲ್ಲಿಗೆ 25 ವರ್ಷ. ಹೈಕೋರ್ಟಿಗೆ ವಕೀಲಿಕೆಯಿಂದ ನೇರವಾಗಿ ಬರುವವರೇ ಹೆಚ್ಚು. ಅವರು ಚಿಕ್ಕ ವಯಸ್ಸಿಗೇ ಬಂದು ಮುಂದೆ ಸಾಗುತ್ತಾರೆ. ಕೆಳಗಿನಿಂದ ಬಂದವರಿಗೆ ವಯಸ್ಸೇ ಅಡ್ಡಿ.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಹೈಕೋರ್ಟಿನ ನಿವೃತ್ತಿ 62ಕ್ಕೆ, ಸುಪ್ರೀಂ ಕೋರ್ಟಿನದು 65ಕ್ಕೆ. ಹೈಕೋರ್ಟಿನಿಂದ ಮೇಲೆ ಹೋಗಲು ಕನಿಷ್ಠ 5 ವರ್ಷ ಅಲ್ಲಿ ಕೆಲಸ ಮಾಡಿರಬೇಕು. 1989ರ ಏಪ್ರಿಲ್‌ನಲ್ಲಿ ಅವರು ನಿವೃತ್ತರಾದಾಗ ಐದು ವರ್ಷ ದಾಟಿ ಕೆಲವು ತಿಂಗಳಾಗಿತ್ತು, ಅಷ್ಟೆ. ಮನೆಗೆ ಹೋದವರನ್ನು ಅದೇ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿಗೆ ನೇಮಿಸಲಾಯಿತು. ಆ ಪೀಠವೇರಿದ ಮೊದಲ ಮಹಿಳೆ, ಮೊದಲ ಮುಸ್ಲಿಂ ಮಹಿಳೆ. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯ. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು.

ಫಾತಿಮಾ ಬೀವಿ ಅವರಿಗೆ ಅಲ್ಲಿ ಸಿಕ್ಕಿದ್ದು ಎರಡೂವರೆ ವರ್ಷ. ಹೆಸರಾಂತ ತೀರ್ಪುಗಳನ್ನು ಹುಡುಕಿ ಅವರನ್ನು ಅಳೆಯಹೊರಟರೆ ಅನ್ಯಾಯವಾದೀತು. ಅವರ ದುಡಿಮೆಯ ಬಹುಪಾಲು ನಡೆದದ್ದು ಪತ್ರಿಕೆಗಳು ತಿರುಗಿ ನೋಡದ ಜಿಲ್ಲೆಯ ಕೋರ್ಟುಗಳಲ್ಲಿ. ಮುಂದೆ 1997ರಲ್ಲಿ ತಮಿಳುನಾಡಿನ ರಾಜ್ಯಪಾಲರಾದರು. 2001ರಲ್ಲಿ, ಶಿಕ್ಷೆಗೊಳಗಾಗಿದ್ದ ಜಯಲಲಿತಾ ಅವರಿಗೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಬೋಧಿಸಿ ಟೀಕೆಗೆ ಗುರಿಯಾದರು. ಆ ನೇಮಕವನ್ನು ಸುಪ್ರೀಂ ಕೋರ್ಟೇ ಆಮೇಲೆ ರದ್ದು ಮಾಡಿತು. ಅವರನ್ನು ಮೆಚ್ಚುವವರು ಇದನ್ನೂ ಮುಚ್ಚಿಡಬಾರದು.

2023ರ ನವೆಂಬರ್ 23ರಂದು ಅವರು ತೀರಿಕೊಂಡರು. 1950ರಿಂದ 2021ರ ಕೊನೆಯವರೆಗೆ ಸುಪ್ರೀಂ ಕೋರ್ಟಿಗೆ ನೇಮಕವಾದ ಮಹಿಳೆಯರು, ಅವರನ್ನೂ ಸೇರಿಸಿ, ಬರೀ 11 ಮಂದಿ.