ಕಾವಲು ನಾಯಿಯ ಕೊರಳಪಟ್ಟಿ ಮತ್ತು ಸರಪಳಿ

ನಾಯಿಯಿಲ್ಲದ ತೋಟದ ಮನೆ ಅಪರೂಪ. ಕಣದ ರಾಶಿ, ಕೊಟ್ಟಿಗೆಯ ದನ, ಹಟ್ಟಿಯ ಕುರಿ, ಬಾವಿಯ ಮೇಲಿನ ಪಂಪುಸೆಟ್ಟು, ಇವೆಲ್ಲದರ ರಾತ್ರಿ ಕಾವಲು ಅದರ ಪಾಲಿಗೆ ಬಂದ ಕೆಲಸ. ಎತ್ತಿಗೆ ಮೂಗುದಾರ, ಹಸುವಿಗೆ ಕಣ್ಣಿ ಹೊಂದಿಸುವಾಗ ರೈತನು ಹಗ್ಗದ ದಪ್ಪ, ಮೆದುತನ, ಗಂಟು ಎಲ್ಲವನ್ನೂ ನೋಡುತ್ತಾನೆ. ಆದರೆ ನಾಯಿಯ ವಿಷಯದಲ್ಲಿ ಈ ಎಚ್ಚರ ಕಾಣುವುದಿಲ್ಲ. ಗೊಬ್ಬರದ ಚೀಲದ ಹುರಿಯೋ, ಹಳೆಯ ನೈಲಾನ್ ಹಗ್ಗದ ತುಂಡೋ, ಕೆಲವೊಮ್ಮೆ ಕಬ್ಬಿಣದ ತಂತಿಯೋ ಕೈಗೆ ಸಿಕ್ಕಿದ್ದು ಅದರ ಕೊರಳಿಗೆ ಬೀಳುತ್ತದೆ.

ಇದರ ಫಲ ಪಶುವೈದ್ಯರ ಬಳಿ ಬರುವ ನಾಯಿಗಳಲ್ಲಿ ಕಂಡುಬರುತ್ತದೆ. ಎರಡು ತಿಂಗಳ ಮರಿಗೆ ಕಟ್ಟಿದ ಹುರಿ ಐದನೆಯ ತಿಂಗಳಿಗೆ ಚರ್ಮದೊಳಗೆ ಹೂತುಹೋಗಿರುತ್ತದೆ. ಕೂದಲು ಮುಚ್ಚಿಕೊಂಡಿರುವುದರಿಂದ ಮನೆಯವರಿಗೆ ಅದು ತಿಳಿಯುವುದು ದುರ್ವಾಸನೆ ಬಂದಾಗ ಅಥವಾ ಹುಣ್ಣಿನಲ್ಲಿ ಹುಳು ಕಂಡಾಗ. ಇನ್ನು ಕೆಲವು ನಾಯಿಗಳು ಕಟ್ಟಿದ ಹಗ್ಗ ಉರುಲಾಗಿ ಸಾಯುತ್ತವೆ. ಸವೆದ ಪಟ್ಟಿಯನ್ನು ಕಿತ್ತುಕೊಂಡು ಓಡಿದ ನಾಯಿ ದಾರಿಹೋಕರನ್ನು ಕಚ್ಚಿ ಮಾಲೀಕನಿಗೆ ಕಷ್ಟ ತರುವುದೂ ಉಂಟು. ಸರಿಯಾದ ಪಟ್ಟಿಯನ್ನು ಆರಿಸಿ, ಅಳತೆಗೆ ತಕ್ಕಂತೆ ತೊಡಿಸಿ, ಕಾಲಕ್ಕೆ ಸರಿಯಾಗಿ ಬದಲಾಯಿಸಿದರೆ ಇವೆಲ್ಲವನ್ನೂ ತಪ್ಪಿಸಬಹುದು.

ಪಟ್ಟಿಯ ಆಯ್ಕೆ

ಚರ್ಮದ ಪಟ್ಟಿ ಮೆದುವಾಗಿದ್ದು ಬಹುಕಾಲ ಬಾಳುತ್ತದೆ. ಆದರೆ ಮಳೆಯಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿದರೆ ಗಡುಸಾಗಿ ಬಿರಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನೆನೆದ ಪಟ್ಟಿಯನ್ನು ತೆಗೆದು ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಹರಳೆಣ್ಣೆಯನ್ನು ಬಟ್ಟೆಯಿಂದ ಉಜ್ಜಿದರೆ ಮತ್ತೆ ಮೆದುವಾಗುತ್ತದೆ.

ನೈಲಾನ್ ಪಟ್ಟಿ ಗಟ್ಟಿ, ನೀರಿಗೆ ಕೊಳೆಯುವುದಿಲ್ಲ, ತೊಳೆಯುವುದೂ ಸುಲಭ. ಆದುದರಿಂದ ಹೆಚ್ಚು ಮಳೆ ಬೀಳುವ ಪ್ರದೇಶಗಳಿಗೆ ಇದು ಸೂಕ್ತ. ಕೊಳ್ಳುವಾಗ ಅದರ ಅಂಚನ್ನು ಮುಂಗೈಯ ಒಳಭಾಗಕ್ಕೆ ಉಜ್ಜಿ ನೋಡಬೇಕು. ಅಲ್ಲಿ ಗೀರು ಬೀಳುವಷ್ಟು ಒರಟಾಗಿದ್ದರೆ ನಾಯಿಯ ಕೊರಳಿಗೂ ಅದು ತಕ್ಕುದಲ್ಲ. ಹತ್ತಿಯ ನವಾರಿನ ಪಟ್ಟಿ ಎಲ್ಲಕ್ಕಿಂತ ಮೆದು. ಮರಿಗಳಿಗೆ ಇದು ಒಳ್ಳೆಯದು. ಆದರೆ ಒದ್ದೆಯಾದರೆ ಬೇಗ ಕೊಳೆಯುತ್ತದೆ, ಬಲವಾದ ನಾಯಿ ಅದನ್ನು ಕಡಿದುಹಾಕಬಲ್ಲದು.

ಸರಪಳಿಯನ್ನೇ ಕೊರಳಿಗೆ ಸುತ್ತುವ ರೂಢಿ ಒಳ್ಳೆಯದಲ್ಲ. ಕೊಂಡಿಗಳ ನಡುವೆ ಕೂದಲು ಸಿಕ್ಕಿ ಕಿತ್ತುಬರುತ್ತದೆ, ಚರ್ಮ ಉಜ್ಜಿ ಬೋಳಾಗುತ್ತದೆ. ಎಳೆದಷ್ಟೂ ಬಿಗಿಯುವ ಉರುಲು ಸರಪಳಿಯನ್ನು ತೊಡಿಸಿ ನಾಯಿಯನ್ನು ಎಂದಿಗೂ ಕಟ್ಟಿಹಾಕಬಾರದು.

ಪಟ್ಟಿ ಯಾವುದೇ ಆಗಿರಲಿ, ಅಂಗಡಿಯಲ್ಲಿಯೇ ಮೂರು ಭಾಗಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಬಕಲ್ಲು. ಅದರ ಮುಳ್ಳು ಬಾಗದಷ್ಟು ಗಟ್ಟಿಯಾಗಿರಬೇಕು. ಎರಡನೆಯದು ಸರಪಳಿ ಸಿಕ್ಕಿಸುವ ಬಳೆ. ಅದರ ಬಾಯಿ ಬೆಸೆದು ಮುಚ್ಚಿರಬೇಕು. ಬರಿದೆ ಬಾಗಿಸಿ ಕೂಡಿಸಿದ ಬಳೆ ಒಂದು ಜಗ್ಗಿಗೆ ಬಾಯಿ ಬಿಡುತ್ತದೆ. ಮೂರನೆಯದು ಹೊಲಿಗೆ. ಎರಡು ಕೈಯಲ್ಲೂ ಹಿಡಿದು ಬಲವಾಗಿ ಎಳೆದಾಗ ಹೊಲಿಗೆ ಸಡಿಲಾಗಬಾರದು.

ಅಗಲ ಹೆಚ್ಚಿದಷ್ಟೂ ಎಳೆತದ ಒತ್ತಡ ಕೊರಳಿನ ಮೇಲೆ ಹಂಚಿಹೋಗುತ್ತದೆ. ಸಣ್ಣ ನಾಯಿ ಮತ್ತು ಮರಿಗಳಿಗೆ 1.5ರಿಂದ 2 ಸೆಂ.ಮೀ., ಸಾಮಾನ್ಯ ಊರ ನಾಯಿಗೆ 2.5 ಸೆಂ.ಮೀ., ದೊಡ್ಡ ನಾಯಿಗೆ 3.5ರಿಂದ 4 ಸೆಂ.ಮೀ. ಅಗಲದ ಪಟ್ಟಿ ಸರಿಹೋಗುತ್ತದೆ.

ಅಳತೆ ಮತ್ತು ತೊಡಿಸುವ ಕ್ರಮ

ಅಂಗಡಿಗೆ ನಾಯಿಯನ್ನು ಕರೆದೊಯ್ಯಬೇಕಾಗಿಲ್ಲ. ಒಂದು ದಾರವನ್ನು ಕೊರಳಿನ ನಡುಭಾಗಕ್ಕೆ ಸಡಿಲವಾಗಿ ಸುತ್ತಿ, ಕೂಡಿದ ಜಾಗದಲ್ಲಿ ಗುರುತು ಮಾಡಿ, ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದರೆ ಸಾಕು. ಸುತ್ತಳತೆ 36 ಸೆಂ.ಮೀ. ಇದ್ದರೆ ನಡುವಿನ ತೂತು ಸುಮಾರು 40 ಸೆಂ.ಮೀ.ಗೆ ಬರುವಂಥ ಪಟ್ಟಿಯನ್ನು ಕೊಳ್ಳಬೇಕು. ಆಗ ಬಿಗಿ ಮಾಡಲೂ ಸಡಿಲಿಸಲೂ ಎರಡು ಕಡೆ ತೂತುಗಳು ಉಳಿಯುತ್ತವೆ.

ತೊಡಿಸಿದ ಮೇಲೆ ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳುಗಳು ಸರಾಗವಾಗಿ ತೂರಬೇಕು. ಒಂದೇ ಬೆರಳು ತೂರಿದರೆ ಬಿಗಿಯಾಯಿತು. ನಾಲ್ಕು ಬೆರಳು ತೂರಿದರೆ ಸಡಿಲವಾಯಿತು. ಸಡಿಲವಾದ ಪಟ್ಟಿಯಿಂದ ನಾಯಿ ನುಣುಚಿಕೊಳ್ಳುವುದಲ್ಲದೆ, ಕೆರೆದುಕೊಳ್ಳುವಾಗ ಹಿಂಗಾಲು ಅಥವಾ ಕೆಳದವಡೆ ಅದರಲ್ಲಿ ಸಿಕ್ಕಿಕೊಳ್ಳಬಹುದು. ಪಟ್ಟಿ ತೊಡಿಸುವಾಗ ಕೆಲವು ನಾಯಿಗಳು ಕೊರಳನ್ನು ಉಬ್ಬಿಸುತ್ತವೆ. ಆದುದರಿಂದ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬೆರಳು ತೂರಿಸಿ ನೋಡುವುದು ಒಳ್ಳೆಯದು. ಬಕಲ್ಲಿನಿಂದ ಹೊರಗೆ ಉಳಿದ ತುದಿ ಉದ್ದವಾಗಿದ್ದರೆ ಕತ್ತರಿಸಬೇಕು. ನೈಲಾನ್ ಪಟ್ಟಿಯಾದರೆ ಕತ್ತರಿಸಿದ ತುದಿಯನ್ನು, ತೊಡಿಸುವ ಮೊದಲೇ, ಬೆಂಕಿಗೆ ಹಿಡಿದು ಕರಗಿಸಿ ಒತ್ತಿದರೆ ಎಳೆ ಬಿಚ್ಚುವುದಿಲ್ಲ.

ಮುಧೋಳ ನಾಯಿಗೆ ವಿಶೇಷ ಗಮನ ಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತ ಈ ಬೇಟೆನಾಯಿಯ ಚಿತ್ರ 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಇದರ ತಲೆ ಕಿರಿದು ಮತ್ತು ನೀಳ, ಕೊರಳು ಉದ್ದ, ಚರ್ಮ ತೆಳು, ಕೂದಲು ಗಿಡ್ಡ. ಕೊರಳಿಗೂ ತಲೆಗೂ ಅಳತೆಯಲ್ಲಿ ಅಂತರ ಕಡಮೆಯಾದುದರಿಂದ, ನಾಯಿ ಹಿಂದಕ್ಕೆ ಜಗ್ಗಿದೊಡನೆ ಮಾಮೂಲಿ ಪಟ್ಟಿ ತಲೆಯಿಂದ ಕಳಚಿಬರುತ್ತದೆ. ಕಳಚದಿರಲೆಂದು ಬಿಗಿದರೆ ತೆಳುಚರ್ಮಕ್ಕೆ ಗಾಯವಾಗುತ್ತದೆ. ಇಂಥ ನಾಯಿಗೆ 4ರಿಂದ 5 ಸೆಂ.ಮೀ. ಅಗಲದ, ಒಳಬದಿಗೆ ಮೆತ್ತನೆಯ ಬಟ್ಟೆ ಅಥವಾ ಮೆದು ಚರ್ಮ ಹೊಲಿದ ಪಟ್ಟಿಯನ್ನು ಕೊರಳಿನ ಮೇಲ್ಭಾಗಕ್ಕೆ, ಕಿವಿಗಳ ಹಿಂದೆ ಬರುವಂತೆ ತೊಡಿಸಬೇಕು.

ಮರಿಗಳ ಕೊರಳಪಟ್ಟಿ

ಮರಿಗೆ ಏಳು ಎಂಟು ವಾರ ತುಂಬುವವರೆಗೆ ಪಟ್ಟಿ ಬೇಡ. ಅನಂತರ ಹಗುರವಾದ ನವಾರಿನ ಪಟ್ಟಿಯನ್ನು ಮೊದಲು ಊಟದ ಹೊತ್ತಿನಲ್ಲಿ ಮಾತ್ರ ತೊಡಿಸಿ ರೂಢಿ ಮಾಡಬೇಕು. ತಿನ್ನುವುದರಲ್ಲಿ ಗಮನವಿರುವ ಮರಿ ಪಟ್ಟಿಯನ್ನು ಬೇಗ ಮರೆಯುತ್ತದೆ. ಎರಡು ಮೂರು ದಿನಗಳಲ್ಲಿ ಹೊತ್ತನ್ನು ಹೆಚ್ಚಿಸುತ್ತ ಹೋಗಬಹುದು. ಮರಿಯನ್ನು ಕಟ್ಟಿ ಎಲ್ಲರೂ ಹೊಲಕ್ಕೆ ಹೋಗುವುದು ಸರಿಯಲ್ಲ.

ಮೊದಲ ವರ್ಷದಲ್ಲಿ ಮೂರು ನಾಲ್ಕು ಸಲ ಪಟ್ಟಿ ಬದಲಾಯಿಸಬೇಕಾಗುತ್ತದೆ. ಆದುದರಿಂದ ಈ ಅವಧಿಯಲ್ಲಿ ಬೆಲೆಬಾಳುವ ಪಟ್ಟಿ ಕೊಳ್ಳುವುದು ವ್ಯರ್ಥ. ಬೆಳೆದು ದೊಡ್ಡದಾಗಲೆಂದು ದೊಡ್ಡ ಪಟ್ಟಿಯನ್ನು ಈಗಲೇ ತೊಡಿಸುವುದೂ ತಪ್ಪು. ವಾರಕ್ಕೊಮ್ಮೆ, ಸಂತೆಯ ದಿನವೆಂದು ಗೊತ್ತು ಮಾಡಿಕೊಂಡು, ಎರಡು ಬೆರಳಿನ ಪರೀಕ್ಷೆ ಮಾಡುವುದನ್ನು ಮನೆಯ ಒಬ್ಬರಿಗೆ ಒಪ್ಪಿಸಬೇಕು. ಎಲ್ಲರ ಕೆಲಸವೆಂದರೆ ಯಾರೂ ನೋಡುವುದಿಲ್ಲ. ಕರುಗಳ ಕೊರಳ ಹಗ್ಗಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸರಪಳಿ ಮತ್ತು ಹಗ್ಗ

ನಡೆಸಿಕೊಂಡು ಹೋಗುವ ಹಗ್ಗ ಬೇರೆ, ಕಟ್ಟಿಹಾಕುವ ಸರಪಳಿ ಬೇರೆ. ನಡೆಸಲು ಒಂದೂವರೆ ಮೀಟರು ಉದ್ದದ ನವಾರು ಅಥವಾ ಚರ್ಮದ ಪಟ್ಟಿ ಸಾಕು. ಹಿಡಿಯನ್ನು ಅಂಗೈಯಲ್ಲಿ ಹಿಡಿಯಬೇಕೇ ಹೊರತು ಕೈಗೆ ಸುತ್ತಿಕೊಳ್ಳಬಾರದು. ಬೆಕ್ಕನ್ನೋ ಕೋತಿಯನ್ನೋ ಕಂಡು ನಾಯಿ ಹಾರಿದರೆ ಬೆರಳು ಮುರಿಯಬಹುದು. ದೊಡ್ಡ ನಾಯಿಯನ್ನು ಮಕ್ಕಳ ಕೈಗೆ ಕೊಡಬಾರದು.

ಕಟ್ಟುವ ಸರಪಳಿ ಹಗುರವಾಗಿರಬೇಕು. ಎಮ್ಮೆ ಕಟ್ಟುವ ಸರಪಳಿಯಿಂದ ನಾಯಿಯನ್ನು ಕಟ್ಟಿದರೆ ಅದರ ಭಾರಕ್ಕೇ ಕೊರಳು ಜಗ್ಗುತ್ತದೆ. ಸಾಮಾನ್ಯ ನಾಯಿಗೆ 3 ಮಿ.ಮೀ. ದಪ್ಪದ ಸರಿಗೆಯ, 3 ಮೀಟರಿಗೆ ಕಡಮೆಯಿಲ್ಲದ ಸರಪಳಿ ಸಾಕು. ಎರಡು ತುದಿಗಳಲ್ಲೂ ತಿರುಗುವ ಕೊಂಡಿ ಇರಬೇಕಾದುದು ಮುಖ್ಯ. ಇಲ್ಲವಾದರೆ ನಾಯಿ ಸುತ್ತಿದಷ್ಟೂ ಸರಪಳಿ ಹುರಿಗೊಂಡು ಗಿಡ್ಡವಾಗುತ್ತದೆ.

ಹಗ್ಗದಿಂದಲೇ ಕಟ್ಟಬೇಕಾಗಿ ಬಂದರೆ ಜೀರುಗುಣಿಕೆಯನ್ನು ಕೊರಳಿಗೆ ಹಾಕಬಾರದು. ಅದು ಎಳೆದಾಗ ಬಿಗಿಯುತ್ತದೆ, ಬಿಟ್ಟಾಗ ಸಡಿಲಾಗುವುದಿಲ್ಲ. ಜಾರದ ಗಂಟು ಹೀಗೆ: ಹಗ್ಗದ ತುದಿಯಿಂದ ಮೊಳದಷ್ಟು ಬಿಟ್ಟು ಒಂದು ಸಣ್ಣ ಸುತ್ತು ಮಾಡಬೇಕು. ತುದಿಯನ್ನು ಪಟ್ಟಿಯ ಬಳೆಯಲ್ಲಿ ತೂರಿಸಿ ತಂದು, ಸುತ್ತಿನೊಳಗೆ ಕೆಳಗಿನಿಂದ ಮೇಲಕ್ಕೆ ಎಳೆದು, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಮತ್ತೆ ಅದೇ ಸುತ್ತಿನೊಳಗೆ ಮೇಲಿನಿಂದ ಕೆಳಕ್ಕೆ ಇಳಿಸಿ ಬಿಗಿಯಬೇಕು. ಎಷ್ಟು ಎಳೆದರೂ ಈ ಕುಣಿಕೆ ಕಿರಿದಾಗುವುದಿಲ್ಲ.

ಕಟ್ಟುವ ಸ್ಥಳ

ಒಳ್ಳೆಯ ಪಟ್ಟಿ, ಒಳ್ಳೆಯ ಸರಪಳಿ ಇದ್ದೂ ಸ್ಥಳ ತಪ್ಪಿದರೆ ನಾಯಿ ಸಾಯಬಹುದು. ಎತ್ತರದ ಜಗಲಿ, ಕಾಂಪೌಂಡು ಗೋಡೆ, ಬಾವಿಕಟ್ಟೆ, ಮೆಟ್ಟಿಲುಗಳ ಬಳಿ ಕಟ್ಟಬಾರದು. ಗೋಡೆ ಹಾರಿದ ನಾಯಿಗೆ ಸರಪಳಿ ಸಾಲದೆ ಆ ಬದಿಯಲ್ಲಿ ನೇತಾಡಿ ಉಸಿರುಕಟ್ಟುತ್ತದೆ. ಗೂಟದ ಸುತ್ತ ಸರಪಳಿಯ ಉದ್ದಕ್ಕೆ ಒಂದು ವೃತ್ತ ಎಳೆದು, ಅದರೊಳಗೆ ಹಾರಲು ಗೋಡೆಯಾಗಲಿ, ಸುತ್ತಿಕೊಳ್ಳಲು ಗಿಡವಾಗಲಿ ಇಲ್ಲದಂತೆ ನೋಡಬೇಕು. ನೆರಳು ಮತ್ತು ನೀರು ವೃತ್ತದ ಒಳಗಿರಬೇಕು, ಜನ ನಡೆಯುವ ದಾರಿ ಹೊರಗಿರಬೇಕು.

ಎರಡು ಮರಗಳ ನಡುವೆ ಬಿಗಿದ ತಂತಿಗೆ ಬಳೆ ಪೋಣಿಸಿ, ಆ ಬಳೆಗೆ ಸರಪಳಿ ಸಿಕ್ಕಿಸಿದರೆ ನಾಯಿ ಅತ್ತಿತ್ತ ಓಡಾಡಬಲ್ಲದು. ಬಳೆ ಮರದವರೆಗೆ ಹೋಗದಂತೆ ಎರಡು ಕಡೆಯೂ ಸರಪಳಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿ ತಂತಿಗೆ ತಡೆಗಂಟು ಹಾಕಬೇಕು. ಬಿಟ್ಟ ನಾಯಿಯ ಕೊರಳಲ್ಲಿ ಸರಪಳಿ ಎಳೆದಾಡುತ್ತಿರಬಾರದು. ಬೇಲಿಯಲ್ಲೋ ಪೊದೆಯಲ್ಲೋ ಸಿಕ್ಕಿಕೊಂಡರೆ ಅದನ್ನು ಹುಡುಕುವವರಿರುವುದಿಲ್ಲ.

ಚಿರತೆಯ ಹಾವಳಿ ಇರುವ ಊರುಗಳಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟಬಾರದು. ಕಟ್ಟಿದ ನಾಯಿ ಓಡಲಾರದು. ಹಿಮಾಲಯದ ಗದ್ದಿ ಕುರಿಗಾಹಿಗಳು ನಾಯಿಗಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ತೊಡಿಸುತ್ತಾರೆ. ಆದರೆ ಅವು ಮಂದೆಯೊಡನೆ ಬಿಟ್ಟಿರುವ ನಾಯಿಗಳು. ಕಟ್ಟಿದ ನಾಯಿಗೆ ಭದ್ರವಾದ ಬಾಗಿಲಿನ ಗೂಡೇ ರಕ್ಷಣೆ.

ಬದಲಾಯಿಸುವ ಕಾಲ

ಕೊನೆಯ ತೂತಿಗೆ ಬಂದ ಪಟ್ಟಿ, ಎಳೆ ಬಿಚ್ಚಿದ ನೈಲಾನ್, ಬಾಗಿಸಿದಾಗ ಬಿರುಕು ಕಾಣುವ ಚರ್ಮ, ಉದ್ದವಾಗಿ ಹರಿದ ತೂತು, ತುಕ್ಕು ಹಿಡಿದ ಬಕಲ್ಲು, ಅರ್ಧದಷ್ಟು ಸವೆದ ಬಳೆ ಅಥವಾ ಕೊಂಡಿ, ತಾನಾಗಿ ಮುಚ್ಚಿಕೊಳ್ಳದ ಸ್ಪ್ರಿಂಗ್ ಕೊಕ್ಕೆ, ಇವುಗಳಲ್ಲಿ ಒಂದು ಕಂಡರೂ ಬದಲಾಯಿಸಬೇಕು. ತಂತಿ ಸುತ್ತಿ ದುರಸ್ತಿ ಮಾಡುವುದು ಅಪಾಯಕರ. ತಂತಿಯ ತುದಿ ಕೊರಳಿಗೆ ಚುಚ್ಚುತ್ತದೆ. ತಿಂಗಳಿಗೊಮ್ಮೆ ಪಟ್ಟಿಯನ್ನು ಸಾಬೂನಿನಲ್ಲಿ ತೊಳೆಯುವ ದಿನವೇ ಈ ತಪಾಸಣೆಯನ್ನೂ ಮಾಡಬಹುದು. ಚರ್ಮದ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಹುಣ್ಣು ಮತ್ತು ಉಣ್ಣೆ

ಪಟ್ಟಿಯ ಕೆಳಗೆ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ ಪಟ್ಟಿಯನ್ನು ತೆಗೆದು, ಮಾಯುವವರೆಗೆ ಎದೆಪಟ್ಟಿ ತೊಡಿಸಬೇಕು. ಪಟ್ಟಿ ಚರ್ಮದೊಳಗೆ ಹೂತಿದ್ದರೆ ಮನೆಯಲ್ಲಿ ಕಿತ್ತುತೆಗೆಯುವ ಪ್ರಯತ್ನ ಬೇಡ. ನೋವಿಗೆ ನಾಯಿ ಕಚ್ಚುತ್ತದೆ, ರಕ್ತನಾಳಗಳಿಗೂ ಪೆಟ್ಟಾಗಬಹುದು. ಪಶುವೈದ್ಯರು ಅರಿವಳಿಕೆ ಕೊಟ್ಟು ಅದನ್ನು ಬಿಡಿಸುತ್ತಾರೆ. ಹುಳು ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಪೆಟ್ರೋಲು, ಫಿನೈಲು ಸುರಿಯಬಾರದು. ಇವು ಮಾಂಸವನ್ನು ಸುಡುತ್ತವೆ, ನಾಯಿ ನೆಕ್ಕಿದರೆ ವಿಷವಾಗುತ್ತದೆ.

ಬೆಳೆಗೆ ಸಿಂಪಡಿಸುವ ಕೀಟನಾಶಕದಲ್ಲಿ ಪಟ್ಟಿಯನ್ನು ಅದ್ದಿ ಉಣ್ಣೆ ನಿವಾರಿಸುವ ಪ್ರಯೋಗ ಪ್ರಾಣಕ್ಕೇ ಎರವಾದೀತು. ಉಣ್ಣೆಗೆಂದೇ ತಯಾರಾದ ಔಷಧದ ಪಟ್ಟಿಗಳು ಸಿಗುತ್ತವೆ. ಅವುಗಳನ್ನು ಪೊಟ್ಟಣದ ಮೇಲೆ ಬರೆದ ವಯಸ್ಸಿಗೆ ಮಾತ್ರ ತೊಡಿಸಿ, ಬರೆದ ಅವಧಿ ಮುಗಿದೊಡನೆ ತೆಗೆಯಬೇಕು. ಅವು ಸರಪಳಿ ಸಿಕ್ಕಿಸುವ ಪಟ್ಟಿಗಳಲ್ಲ. ನಾಯಿಯ ಉಣ್ಣೆಪಟ್ಟಿಯನ್ನು ಬೆಕ್ಕಿಗೆ ತೊಡಿಸಬಾರದು.

ಕಾನೂನಿನ ಮಾತು

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ, ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಿಂದ ಅನುಚಿತವಾಗಿ ಬಹುಕಾಲ ಕಟ್ಟಿಡುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ಓಡಾಟದ ಅವಕಾಶ ಕೊಡದಿರುವುದೂ ಅಪರಾಧವೇ. ಹಗಲೆಲ್ಲ ಕಟ್ಟಿದ ನಾಯಿ ಸಿಡುಕಾಗಿ ಕಂಡವರನ್ನು ಕಚ್ಚುವುದನ್ನು ಕಲಿಯುತ್ತದೆ. ಬೆಳಿಗ್ಗೆ ಸಂಜೆ ಬಿಚ್ಚಿ ನಡೆಸಿದ ನಾಯಿಯೇ ಒಳ್ಳೆಯ ಕಾವಲುಗಾರ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು. ಮಾಲೀಕನ ಹೆಸರು, ಊರು ಕೆತ್ತಿದ ಬಿಲ್ಲೆಯನ್ನು ಪಟ್ಟಿಗೆ ಜೋಡಿಸಿದರೆ ತಪ್ಪಿಸಿಕೊಂಡ ನಾಯಿ ಮನೆಗೆ ಮರಳುವ ಸಂಭವ ಹೆಚ್ಚು.

ನೆನಪಿನಲ್ಲಿಡಬೇಕಾದ ಅಂಶಗಳು

1. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳಿನ ಜಾಗವಿರಲಿ.
2. ಮರಿಯ ಪಟ್ಟಿಯನ್ನು ವಾರಕ್ಕೊಮ್ಮೆ, ದೊಡ್ಡ ನಾಯಿಯದನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು.
3. ಹುರಿ, ತಂತಿ, ಜೀರುಗುಣಿಕೆ ಕೊರಳಿಗೆ ಬೇಡ.
4. ಗೋಡೆ, ಜಗಲಿ, ಬಾವಿಕಟ್ಟೆಯ ಬಳಿ ಕಟ್ಟಬಾರದು.
5. ಸವೆದ ಪಟ್ಟಿಯನ್ನು ದುರಸ್ತಿ ಮಾಡದೆ ಬದಲಾಯಿಸಬೇಕು.

ಒಂದು ಪಟ್ಟಿಯ ಬೆಲೆ ಹೆಚ್ಚೇನಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಮನೆ ಕಾಯುವ ಪ್ರಾಣಿಗೆ ವಾರಕ್ಕೊಮ್ಮೆ ಎರಡು ಬೆರಳು ತೂರಿಸಿ ನೋಡುವಷ್ಟು ಕಾಳಜಿ ದೊರೆತರೆ ಅದರ ಕೊರಳು ಹುಣ್ಣಾಗದು.