ಸ್ವಲೀನತೆಯುಳ್ಳ ವಿದ್ಯಾರ್ಥಿಗಳು ಮತ್ತು ಕನ್ನಡ ಬೋಧನೆ: ಭಾಷಿಕ ನೆಲೆಯ ಒಂದು ವಿವೇಚನೆ

ಭಾಷಾ ಬೋಧನೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಒಂದು ಗೃಹೀತವನ್ನು ಆಧರಿಸಿರುತ್ತವೆ. ಮಗು ಮನೆಯ ಮಾತನ್ನು ತಾನಾಗಿಯೇ ಕಲಿತು ಬರುತ್ತದೆ, ಶಾಲೆ ಅದಕ್ಕೆ ಅಕ್ಷರವನ್ನೂ ಸಾಹಿತ್ಯವನ್ನೂ ಸೇರಿಸುತ್ತದೆ ಎಂಬುದೇ ಆ ಗೃಹೀತ. ಸ್ವಲೀನತೆ ಅಥವಾ ಆಟಿಸಂ ಉಳ್ಳ ಮಕ್ಕಳ ವಿಷಯದಲ್ಲಿ ಇದು ನಿಲ್ಲುವುದಿಲ್ಲ. ಅವರಲ್ಲಿ ಕೆಲವರು ಮಾತೇ ಆಡುವುದಿಲ್ಲ. ಕೆಲವರು ಬೇಗ ಓದಲು ಕಲಿತು ಸಂಭಾಷಣೆಯಲ್ಲಿ ತಡವರಿಸುತ್ತಾರೆ. ಮತ್ತೆ ಕೆಲವರು ಮನೆಯಲ್ಲಿಯೂ ಗ್ರಾಂಥಿಕ ಕನ್ನಡವನ್ನೇ ಆಡುತ್ತಾರೆ. ಇವರ ಶಿಕ್ಷಣವು ವೈದ್ಯಕೀಯಕ್ಕೂ ವಿಶೇಷ ಶಿಕ್ಷಣಕ್ಕೂ ಸೇರಿದ ವಿಷಯವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಸಮಸ್ಯೆಯ ತಿರುಳಿನಲ್ಲಿರುವುದು ಭಾಷೆ. ಆದ್ದರಿಂದ ಕನ್ನಡದ ರಚನೆಯ ತಿಳಿವಳಿಕೆಯು ಈ ಶಿಕ್ಷಣಕ್ಕೆ ಏನನ್ನು ಕೊಡಬಲ್ಲದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದ ಮತ್ತು ಪರಿಕಲ್ಪನೆ

'ಆಟಿಸಂ' ಎಂಬ ಪದವನ್ನು ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 'ತಾನು' ಎಂಬರ್ಥದ ಗ್ರೀಕ್ ಮೂಲದಿಂದ ರೂಪಿಸಿದನು. ಅವನಿಗೆ ಅದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣವಾಗಿತ್ತು. 1943ರಲ್ಲಿ ಲಿಯೊ ಕ್ಯಾನರ್ 11 ಮಕ್ಕಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿ, ಅದೇ ಪದವನ್ನು ಬಾಲ್ಯದ ಒಂದು ಪ್ರತ್ಯೇಕ ಸ್ಥಿತಿಗೆ ಬಳಸಿದನು. ಕನ್ನಡದ 'ಸ್ವಲೀನತೆ' ಆ ಗ್ರೀಕ್ ಮೂಲವನ್ನೇ ಅನುಸರಿಸುತ್ತದೆ. ಆದರೆ 'ಲೀನ' ಎಂಬುದಕ್ಕೆ ಕನ್ನಡದಲ್ಲಿ ತನ್ನದೇ ಆದ ಅರ್ಥಪರಂಪರೆಯಿದೆ. 'ತಲ್ಲೀನ', 'ಲೀನವಾಗು' ಮುಂತಾದ ಪ್ರಯೋಗಗಳು ಮನಸ್ಸು ಒಲಿದು ಒಂದರಲ್ಲಿ ಕರಗುವುದನ್ನು ಸೂಚಿಸುತ್ತವೆ. ಹೀಗಾಗಿ ಮಗು ತಾನೇ ಬಯಸಿ ಲೋಕದಿಂದ ಹಿಂದೆಗೆದಿದೆ ಎಂಬ ತಪ್ಪು ಚಿತ್ರ ಪದದಿಂದಲೇ ಮೂಡುವ ಸಾಧ್ಯತೆಯಿದೆ. ಇಂದಿನ ತಿಳಿವಳಿಕೆಯಂತೆ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವಾದ ಸ್ಥಿತಿ. ತಂದೆತಾಯಿಯರ ಪಾಲನೆಯ ದೋಷದಿಂದ ಬರುವಂಥದಲ್ಲ. ಇದು ಬುದ್ಧಿಮಾಂದ್ಯದ ಇನ್ನೊಂದು ಹೆಸರೂ ಅಲ್ಲ. ಕೆಲವರಲ್ಲಿ ಎರಡೂ ಇರಬಹುದು, ಹಲವರಲ್ಲಿ ಇರುವುದಿಲ್ಲ.

2. ಕಾನೂನು ಮತ್ತು ಶಾಲೆ

ಭಾರತದ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದರ 31ನೆಯ ಕಲಮು ನೀಡುತ್ತದೆ. ಕರ್ನಾಟಕದಲ್ಲಿ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ಆರಂಭಿಸಿದ 'ಕಾಂ ಡೀಲ್' ಕಾರ್ಯಕ್ರಮವೂ ಈ ಕ್ಷೇತ್ರದಲ್ಲಿ ಕೆಲಸ ಮಾಡಿವೆ. ಚಿಕ್ಕ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸಿದ್ಧಗೊಳಿಸುವುದು ಎರಡನೆಯದರ ಗುರಿ. ವಿಶೇಷ ಶಾಲೆ ಮತ್ತು ಸಾಮಾನ್ಯ ಶಾಲೆಗಳನ್ನು ಪರಸ್ಪರ ವಿರುದ್ಧವೆಂದು ನೋಡದೆ, ಮೊದಲನೆಯದರ ಪರಿಣತಿ ಎರಡನೆಯದಕ್ಕೆ ಹರಿಯುವ ಬಗೆಯನ್ನು ಯೋಚಿಸುವುದು ಹೆಚ್ಚು ಸೂಕ್ತ.

ಇದೇ ಕಾಯಿದೆಯ 17ನೆಯ ಕಲಮಿನಲ್ಲಿ ಕನ್ನಡ ಅಧ್ಯಾಪಕರು ಗಮನಿಸಬೇಕಾದ ಒಂದು ಅಂಶವಿದೆ. ಹೆಚ್ಚುವರಿ ಸಮಯ, ಬರೆಯುವ ಸಹಾಯಕರ ಸೌಲಭ್ಯಗಳ ಜೊತೆಗೆ ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯನ್ನೂ ಅದು ಸೂಚಿಸುತ್ತದೆ. ಈ ವಿನಾಯಿತಿ ಅನೇಕ ಮಕ್ಕಳಿಗೆ ಅಗತ್ಯವಾದದ್ದೇ. ಆದರೆ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಹೀಗೆ ಕೈಬಿಡುವ ಭಾಷೆ ಕನ್ನಡವಾಗಿ, ಮನೆಯ ಭಾಷೆಯೂ ಕನ್ನಡವೇ ಆಗಿದ್ದರೆ, ಮಗು ಅಜ್ಜಿ ಅಜ್ಜಂದಿರೊಡನೆ, ನೆರೆಹೊರೆಯೊಡನೆ ವ್ಯವಹರಿಸುವ ದಾರಿಯೇ ಕಿರಿದಾಗುತ್ತದೆ. ಎರಡು ಭಾಷೆ ಗೊಂದಲ ತರುತ್ತದೆ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ ಎಂಬ ಸಲಹೆಯನ್ನು ಸಂಶೋಧನೆ ಸಮರ್ಥಿಸುವುದಿಲ್ಲ. ದ್ವಿಭಾಷಿಕ ಪರಿಸರದಿಂದ ಈ ಮಕ್ಕಳ ಭಾಷಾ ಬೆಳವಣಿಗೆ ಇನ್ನಷ್ಟು ಹಿಂದುಳಿಯುವುದಿಲ್ಲವೆಂದು ವಿವಿಧ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಪರೀಕ್ಷೆಯಿಂದ ವಿನಾಯಿತಿ ಬೇರೆ, ಭಾಷೆಯಿಂದಲೇ ವಂಚಿತವಾಗುವುದು ಬೇರೆ.

3. ಮಾತಿನ ರಚನೆ

ಕ್ಯಾನರ್ ಗುರುತಿಸಿದ ಎರಡು ಭಾಷಿಕ ಲಕ್ಷಣಗಳು ಪ್ರಸಿದ್ಧವಾಗಿವೆ: ಕೇಳಿದ್ದನ್ನೇ ಮರಳಿ ನುಡಿಯುವ ಮಾರ್ದನಿ ಮಾತು ಮತ್ತು ಸರ್ವನಾಮಗಳ ಪಲ್ಲಟ. ಇವು ಕನ್ನಡದಲ್ಲಿ ತೋರುವ ಬಗೆ ಇಂಗ್ಲಿಷಿಗಿಂತ ಭಿನ್ನವಾಗಿರುವುದು ಸಹಜ. 'ಊಟ ಮಾಡ್ತೀಯಾ?' ಎಂದು ತಾಯಿ ಕೇಳಿದಾಗ ಹಸಿದ ಮಗು 'ಊಟ ಮಾಡ್ತೀಯಾ' ಎಂದೇ ನುಡಿದರೆ, ಅಲ್ಲಿ 'ನಾನು', 'ನೀನು' ಎಂಬ ಪದಗಳೇ ಇಲ್ಲ. ಕನ್ನಡದಲ್ಲಿ ಕರ್ತೃಪದ ಲೋಪವಾಗಬಲ್ಲದು. ಪುರುಷವಾಚಕತೆ ಕ್ರಿಯಾಪದದ ಪ್ರತ್ಯಯದಲ್ಲಿಯೇ ಅಡಗಿರುತ್ತದೆ. ಸರ್ವನಾಮವನ್ನಷ್ಟೇ ಎಣಿಸುವ ಅಧ್ಯಾಪಕರಿಗೆ ಈ ಪಲ್ಲಟ ಕಾಣಿಸದು. 'ಮಾಡ್ತೀನಿ' ಮತ್ತು 'ಮಾಡ್ತೀಯ'ಗಳ ನಡುವಣ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ. ಮಾರ್ದನಿ ಮಾತು ಅರ್ಥಹೀನವೂ ಅಲ್ಲ. ಕೇಳುವುದು, ಒಪ್ಪುವುದು, ಮಾತಿನ ಸರದಿ ಹಿಡಿಯುವುದು ಮೊದಲಾದ ಕೆಲಸಗಳನ್ನು ಅದು ಮಾಡುತ್ತದೆಂದು ಬ್ಯಾರಿ ಪ್ರಿಜಾಂಟ್ ಮೊದಲಾದವರು 1980ರ ದಶಕದಲ್ಲಿಯೇ ತೋರಿಸಿದ್ದಾರೆ. ಅದನ್ನು ತಡೆಯುವುದಕ್ಕಿಂತ ಅದರ ಉದ್ದೇಶವನ್ನು ಗ್ರಹಿಸಿ, 'ಊಟ ಮಾಡ್ತೀನಿ' ಎಂಬ ಮಾದರಿಯನ್ನು ಮುಂದಿಡುವುದು ಸರಿಯಾದ ಕ್ರಮ.

ಇಲ್ಲಿ ಕನ್ನಡದ ಇನ್ನೊಂದು ಗುಣ ನೆರವಿಗೆ ಬರುತ್ತದೆ. 'ಬೇಕು', 'ಬೇಡ', 'ಗೊತ್ತು' ಮುಂತಾದವು ಚತುರ್ಥಿ ವಿಭಕ್ತಿಯ ಪದದೊಡನೆ ಬರುತ್ತವೆ. ಅವುಗಳಿಗೆ ಪುರುಷ, ಲಿಂಗ, ವಚನಗಳ ಪ್ರತ್ಯಯವಿಲ್ಲ. 'ನನಗೆ ಬೇಕು', 'ನಿನಗೆ ಬೇಕು' ಎರಡರಲ್ಲಿಯೂ ಕ್ರಿಯಾರೂಪ ಒಂದೇ. ಮಾತು ಆರಂಭಿಸುವ ಮಗುವಿಗೆ ಇವು ಸುಲಭವಾದ ಮೊದಲ ಮೆಟ್ಟಿಲಾಗಬಲ್ಲವು. ಚಿತ್ರಗಳನ್ನು ಕೊಟ್ಟು ಬಯಕೆ ತಿಳಿಸುವ ಪದ್ಧತಿಯನ್ನು ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ಅದರ ವಾಕ್ಯಪಟ್ಟಿಯಲ್ಲಿ ಇಂಗ್ಲಿಷಿನ ಕ್ರಮದಂತೆ ಬಯಕೆಯ ಪದ ಮೊದಲು, ವಸ್ತು ಆಮೇಲೆ. ಅದನ್ನು ಹಾಗೆಯೇ ತಂದರೆ 'ಬೇಕು ನೀರು' ಎಂದಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ 'ನೀರು' ಚಿತ್ರ ಮೊದಲು, 'ಬೇಕು' ಆಮೇಲೆ ಇರಬೇಕು. ಸಾಧನವನ್ನು ಎರವಲು ತರುವಾಗ ಪದಕ್ರಮವನ್ನೂ ಎರವಲು ತರಬಾರದು.

'ನೀನು', 'ನೀವು'ಗಳ ಗೌರವಭೇದವೂ ಇಂತಹ ಒಂದು ತೊಡಕು. ಒಬ್ಬರೇ ಇರುವಾಗ ಬಹುವಚನವೇಕೆ ಎಂಬುದು ನಿಯಮದಿಂದ ತಿಳಿಯುವಂಥದಲ್ಲ. ಸಾಮಾಜಿಕ ಸಂಬಂಧದಿಂದ ತಿಳಿಯುವಂಥದು. ಅಧ್ಯಾಪಕರನ್ನು 'ನೀನು' ಎನ್ನುವ ವಿದ್ಯಾರ್ಥಿಯನ್ನು ಉದ್ಧಟನೆಂದು ಶಿಕ್ಷಿಸುವ ಬದಲು, ಯಾರಿಗೆ ಯಾವ ರೂಪ ಎಂಬುದನ್ನು ಪಟ್ಟಿ ಮಾಡಿ ಕಲಿಸಬಹುದು.

4. ಓದು ಮತ್ತು ಅರ್ಥ

ಕನ್ನಡ ಲಿಪಿಯಲ್ಲಿ ಅಕ್ಷರಕ್ಕೂ ಉಚ್ಚಾರಣೆಗೂ ಇರುವ ಸಂಬಂಧ ಬಹಳ ನಿಯತವಾದದ್ದು. ಕಾಗುಣಿತದ ಕ್ರಮಬದ್ಧತೆ ವ್ಯವಸ್ಥೆಯನ್ನು ಇಷ್ಟಪಡುವ ಮಗುವಿಗೆ ಅನುಕೂಲವೇ. ಆದರೆ ಇದರಲ್ಲೊಂದು ಅಪಾಯವೂ ಇದೆ. ನಿರರ್ಗಳವಾಗಿ ಓದುವ ಮಗು ಅರ್ಥವನ್ನೂ ಗ್ರಹಿಸಿದೆಯೆಂದು ಭಾವಿಸುವುದು ಸುಲಭ. ಗಟ್ಟಿ ಓದಿನಿಂದಲ್ಲದೆ, ಓದಿದ್ದನ್ನು ಚಿತ್ರದಲ್ಲಿ ತೋರಿಸುವುದು, ಘಟನೆಗಳನ್ನು ಕ್ರಮವಾಗಿ ಜೋಡಿಸುವುದು ಮುಂತಾದವುಗಳಿಂದ ಗ್ರಹಿಕೆಯನ್ನು ಅಳೆಯಬೇಕು.

ಲಾಕ್ಷಣಿಕ ಪ್ರಯೋಗಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. 'ತಲೆ ತಿನ್ನಬೇಡ', 'ಹೊಟ್ಟೆ ಉರಿಯುತ್ತದೆ' ಮೊದಲಾದವನ್ನು ಕೆಲವು ಮಕ್ಕಳು ವಾಚ್ಯಾರ್ಥದಲ್ಲಿಯೇ ಗ್ರಹಿಸುತ್ತಾರೆ. ಇದು ಸ್ವಲೀನತೆಯಿಂದ ಮಾತ್ರ ಬರುವುದಲ್ಲ, ಒಟ್ಟು ಭಾಷಾಸಾಮರ್ಥ್ಯಕ್ಕೂ ಸಂಬಂಧಿಸಿದೆಯೆಂದು ಈಚಿನ ಸಂಶೋಧನೆಗಳು ತಿಳಿಸುತ್ತವೆ. ಅಂದರೆ ಕಲಿಸಿದರೆ ಸುಧಾರಿಸಬಲ್ಲದು. ಈ ಕಲಿಕೆಗೆ ಭಾರತೀಯ ಕಾವ್ಯಮೀಮಾಂಸೆಯ ಲಕ್ಷಣಾ ವಿಚಾರ ಸಿದ್ಧ ಮಾದರಿಯೊಂದನ್ನು ಒದಗಿಸುತ್ತದೆ. ಮಮ್ಮಟನ ಪ್ರಕಾರ ಲಕ್ಷಣೆಗೆ ಮೂರು ಹಂತಗಳು: ಮುಖ್ಯಾರ್ಥಕ್ಕೆ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ. 'ತಲೆ ತಿನ್ನಲು ಸಾಧ್ಯವೇ? ಇಲ್ಲ. ತಿನ್ನುವುದಕ್ಕೂ ಪೀಡಿಸುವುದಕ್ಕೂ ಏನು ಸಂಬಂಧ? ಎರಡರಿಂದಲೂ ಇದ್ದುದು ಸವೆಯುತ್ತದೆ. ಜನ ಇದನ್ನು ಯಾವಾಗ ಹೇಳುತ್ತಾರೆ?' ಎಂದು ಹಂತಹಂತವಾಗಿ ಬಿಡಿಸಿದಾಗ, ಇತರರು ಥಟ್ಟನೆ ಊಹಿಸುವುದನ್ನು ಈ ವಿದ್ಯಾರ್ಥಿ ತರ್ಕದಿಂದ ತಲುಪಬಹುದು.

ಪ್ರಶ್ನೆಪತ್ರಿಕೆಗಳನ್ನೂ ಈ ನೆಲೆಯಿಂದ ಮರುಪರಿಶೀಲಿಸಬೇಕು. 'ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ' ಎಂಬ ಪ್ರಶ್ನೆಯಲ್ಲಿ ಎರಡು ಬೇರೆ ಕೆಲಸಗಳು ಬೆರೆತಿವೆ. ಯಾರು ಯಾರಿಗೆ ಹೇಳಿದರು ಎಂಬುದು ನೆನಪಿನ ಕೆಲಸ. ಸ್ವಾರಸ್ಯವೆಂಬುದು ಸೂಚ್ಯಾರ್ಥದ ಕೆಲಸ. ಇವನ್ನು ಬಿಡಿ ಪ್ರಶ್ನೆಗಳಾಗಿಸಿ, 'ಈ ಮಾತನ್ನು ಆಡುವಾಗ ಪಾತ್ರಕ್ಕೆ ಏನು ಗೊತ್ತಿತ್ತು? ಏನು ಗೊತ್ತಿರಲಿಲ್ಲ?' ಎಂದು ನಿರ್ದಿಷ್ಟವಾಗಿ ಕೇಳಿದರೆ ಮೌಲ್ಯಮಾಪನದ ಮಟ್ಟ ಕುಸಿಯುವುದಿಲ್ಲ, ಸ್ಪಷ್ಟತೆ ಹೆಚ್ಚುತ್ತದೆ.

5. ಉಪಸಂಹಾರ

ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಿಚಾರವೊಂದು ಇಲ್ಲಿ ಪ್ರಸ್ತುತವಾಗಿದೆ. ಅವರೂ ಸ್ವಲೀನತೆಯುಳ್ಳವರೇ. ಅವರ ಪ್ರಕಾರ ಪರಸ್ಪರ ಗ್ರಹಿಕೆಯ ತೊಡಕು ಒಂದೇ ಕಡೆಯದಲ್ಲ. ಇತರರೂ ಇವರನ್ನು ಗ್ರಹಿಸಲು ಅಷ್ಟೇ ವಿಫಲರಾಗುತ್ತಾರೆ. ಆ ಇನ್ನೊಂದು ಕಡೆಯ ಕೊರತೆಯನ್ನು ತುಂಬುವುದು ಅಧ್ಯಾಪಕರ ಹೊಣೆ. ಸ್ವಲೀನತೆಯುಳ್ಳ ಮಕ್ಕಳ ಕನ್ನಡದ ಮಾತನ್ನು ಪ್ರಾದೇಶಿಕ ಭೇದಗಳ ಸಹಿತ ಸಂಗ್ರಹಿಸಿ ವಿಶ್ಲೇಷಿಸುವುದು, ಪಠ್ಯಗಳಿಗೆ ಸರಳ ಪೂರಕ ಆವೃತ್ತಿಗಳನ್ನು ಸಿದ್ಧಪಡಿಸುವುದು, ವಿಶೇಷ ಶಿಕ್ಷಕರಿಗೆ ಕನ್ನಡ ವ್ಯಾಕರಣದ ತಿಳಿವಳಿಕೆಯನ್ನೂ ಭಾಷಾ ಶಿಕ್ಷಕರಿಗೆ ಸ್ವಲೀನತೆಯ ತಿಳಿವಳಿಕೆಯನ್ನೂ ನೀಡುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು. ಈ ಕೆಲಸ ನಡೆಯದಿದ್ದರೆ, ಕನ್ನಡದ ಮನೆಗಳಲ್ಲಿ ಹುಟ್ಟಿದ ಈ ಮಕ್ಕಳಿಗೆ ಬೇರೊಂದು ಭಾಷೆಗಾಗಿ ರೂಪುಗೊಂಡ ಸಾಧನಗಳೇ ಗತಿಯಾಗುತ್ತವೆ.