ಪಂಕ್ತಿಭೇದವಿಲ್ಲದ ಪಾಠಶಾಲೆ

ಮಠದ ದಾಸೋಹದ ಪಂಕ್ತಿಗೆ ಒಂದು ನಿಯಮವುಂಟು. ಬಂದು ಕುಳಿತವರ ಊರು, ಉದ್ಯೋಗ, ಸ್ಥಿತಿಗತಿಗಳನ್ನು ಬಡಿಸುವವರು ವಿಚಾರಿಸುವುದಿಲ್ಲ. ಒಂದು ಎಲೆಗೆ ಬಡಿಸಿದುದನ್ನು ಇನ್ನೊಂದು ಎಲೆಗೆ ತಪ್ಪಿಸುವುದಿಲ್ಲ. ತಪ್ಪಿಸಿದರೆ ಅದು ಪಂಕ್ತಿಭೇದವೆನಿಸುತ್ತದೆ. ಅನ್ನದ ಪಂಕ್ತಿಯಲ್ಲಿ ಇಷ್ಟು ಎಚ್ಚರ ವಹಿಸುವ ಸಮಾಜವು ಅಕ್ಷರದ ಪಂಕ್ತಿಯಲ್ಲಿಯೂ ಅಷ್ಟೇ ಎಚ್ಚರದಿಂದ ನಡೆದುಕೊಳ್ಳುತ್ತಿದೆಯೇ ಎಂಬುದು ಪ್ರತಿಯೊಂದು ವಿದ್ಯಾಸಂಸ್ಥೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಕಣ್ಣು ಕಾಣದ, ಕಿವಿ ಕೇಳದ, ಕಾಲು ನಡೆಯದ, ಗ್ರಹಣಶಕ್ತಿ ನಿಧಾನವಾದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಲದು. ಆ ದಿನದ ಪಾಠ ಅದರ ಎಲೆಗೆ ಬಿದ್ದಿತೇ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲಿಗೆ ಶಬ್ದವಿಚಾರ. ಕುರುಡ, ಕುಂಟ, ಕಿವುಡ, ಮೂಗ ಎಂದು ನ್ಯೂನತೆಯನ್ನೇ ಹೆಸರಾಗಿಸಿ ಕರೆಯುವ ರೂಢಿ ನಮ್ಮಲ್ಲಿ ಬಹುಕಾಲ ನಡೆದುಬಂದಿತು. ಅನಂತರ ‘ಅಂಗವಿಕಲ’ ಎಂಬ ಮಾತು ಬಂದಿತು. ಈಚೆಗೆ ‘ವಿಕಲಚೇತನ’ ಎಂಬ ಶಬ್ದವು ಸರ್ಕಾರದ ಇಲಾಖೆಯ ಹೆಸರಿನಲ್ಲಿಯೂ ಸೇರಿದೆ. ಇದನ್ನು ಬಳಕೆಗೆ ತಂದವರ ಆಶಯ ಸದಾಶಯವೇ ಸರಿ. ಆದರೂ ಸಮಾಸವನ್ನು ಬಿಡಿಸಿ ನೋಡಿದರೆ ‘ವಿಕಲವಾದ ಚೇತನವುಳ್ಳವನು’ ಎಂಬ ಅರ್ಥ ಹೊರಡುತ್ತದೆ. ಕೊರತೆ ಒದಗುವುದು ಅಂಗಕ್ಕೆ. ಚೇತನಕ್ಕೆ ಒದಗಿದುದನ್ನು ಕಂಡವರಾರು? ತರಗತಿಯಲ್ಲಿಯಾದರೋ ಈ ಯಾವ ಶಬ್ದವೂ ಬೇಡ. ತಾಯಿತಂದೆಗಳು ಇಟ್ಟ ಹೆಸರಿದೆ; ಅದನ್ನು ಹಿಡಿದು ಕರೆಯುವುದೇ ಶ್ರೇಷ್ಠ.

ಚೇತನಕ್ಕೆ ವೈಕಲ್ಯವಿಲ್ಲವೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಕಣ್ಣೆದುರಿನ ದೃಷ್ಟಾಂತ. ಹುಟ್ಟಿನಿಂದಲೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಹಾಗೂ ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಗ್ರಂಥರಚನೆ ಮಾಡಿದವರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದವರು. ಇದಿಷ್ಟು ಎಲ್ಲರೂ ಬಲ್ಲ ಸಂಗತಿ. ಆದರೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಪಂಚಾಕ್ಷರಿ ಗವಾಯಿಗಳ ಬಳಿ ಕಲಿತವರೆಲ್ಲರೂ ಅಂಧರಲ್ಲ. ಹಿಂದುಸ್ತಾನಿ ಸಂಗೀತದಲ್ಲಿ ಮಹತ್ತರವಾದ ಕೀರ್ತಿಯನ್ನು ಪಡೆದ ಬಸವರಾಜ ರಾಜಗುರುಗಳು ಕಣ್ಣುಳ್ಳವರು. ಅವರೂ ಆ ಗುರುಗಳ ಪದತಲದಲ್ಲಿ ಕುಳಿತೇ ಕಲಿತರು. ಕಣ್ಣುಳ್ಳವನಿಗೆ ಕಣ್ಣಿಲ್ಲದವರು ದಾರಿ ತೋರಿದ ಆ ವಿದ್ಯಾಕ್ರಮದಲ್ಲಿ, ಕೊಡುವವರು ಒಂದು ಪಕ್ಷ, ಪಡೆಯುವವರು ಇನ್ನೊಂದು ಪಕ್ಷ ಎಂಬ ಭೇದವೇ ನಿಲ್ಲಲಿಲ್ಲ.

ಇಂತಹ ಮಕ್ಕಳು ಸಾಧ್ಯವಾದಷ್ಟು ಮಟ್ಟಿಗೆ ಸಾಮಾನ್ಯ ಶಾಲೆಗಳಲ್ಲಿಯೇ ಕಲಿಯಬೇಕೆಂದು 1964–66ರ ಕೊಠಾರಿ ಆಯೋಗವು ಸಲಹೆ ಮಾಡಿತು. 1974ರಲ್ಲಿ ಕೇಂದ್ರ ಸರ್ಕಾರವು ಅದಕ್ಕಾಗಿ ಒಂದು ಯೋಜನೆಯನ್ನು ಆರಂಭಿಸಿತು. ಈಗ ಜಾರಿಯಲ್ಲಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಅದು ಕೊಟ್ಟಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ಭೇದವೆಣಿಸದೆ ಪ್ರವೇಶ ಕೊಡುವಂತೆಯೂ, ಕಟ್ಟಡ ಮತ್ತು ಕಲಿಕೆಯ ಅನುಕೂಲಗಳನ್ನು ಒದಗಿಸುವಂತೆಯೂ ಅದು ವಿಧಿಸುತ್ತದೆ. ಆದ್ದರಿಂದ ಇದು ಮನಸ್ಸು ಬಂದಾಗ ಮಾಡುವ ದಯೆಯ ಕಾರ್ಯವಾಗಿ ಉಳಿದಿಲ್ಲ. ಬ್ರೈಲ್ ಕಲಿಸುವುದರಲ್ಲಿ ನುರಿತ ವಿಶೇಷ ಶಾಲೆಗಳ ಉಪಕಾರವನ್ನೂ ಮರೆಯಲಾಗದು. ಅವುಗಳನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಮಗುವಿನದು. “ಇಲ್ಲಿ ಆಗುವುದಿಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿರಿ” ಎಂದು ಬಾಗಿಲಲ್ಲಿಯೇ ಹೇಳಿ ಕಳುಹಿಸುವ ಅಧಿಕಾರ ಮಾತ್ರ ಯಾವ ಶಾಲೆಗೂ ಇಲ್ಲ.

ಪ್ರವೇಶವಾದ ಮೇಲೆ ಬೋಧನೆಯ ಮಾತು. ಕನ್ನಡ ಪಾಠವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಲೂಯಿ ಬ್ರೈಲನು ರೂಪಿಸಿದ ಲಿಪಿಯಲ್ಲಿ ಆರು ಚುಕ್ಕೆಗಳು. ಅವುಗಳಿಂದ 63 ಆಕಾರಗಳು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ರೂಢಿಗೆ ಬಂದಿತು. ಕನ್ನಡದ ಅಂಧ ವಿದ್ಯಾರ್ಥಿ ಓದುವುದು ಅದನ್ನೇ. ಅದರಲ್ಲಿ ಗುಡಿಸು, ಕೊಂಬು, ಒತ್ತಕ್ಷರಗಳಿಲ್ಲ. ‘ಕಿ’ ಎಂದು ಬರೆಯಲು ಮೊದಲು ‘ಕ’, ಅದರ ಬಳಿಕ ‘ಇ’. ‘ಅಕ್ಕ’ ಎಂದು ಬರೆಯಲು ‘ಅ’ದ ಬಳಿಕ ಸ್ವರಲೋಪವನ್ನು ಸೂಚಿಸುವ ಒಂದು ಚುಕ್ಕೆ, ಅನಂತರ ಎರಡು ‘ಕ’ಗಳು ಒಂದರ ಮುಂದೊಂದು. “ಕೆಳಗೆ ಒತ್ತು ಕೊಡು, ಮೇಲೆ ಗುಡಿಸು ಹಾಕು” ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವ ಉಪಾಧ್ಯಾಯರ ಪಾಠ ಆ ಮಗುವಿಗೆ ತಲುಪುವುದಿಲ್ಲ. ಆದರೆ “ಕಕಾರಕ್ಕೆ ಇಕಾರ ಸೇರಿದರೆ ಕಿ” ಎಂದು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಕೂಡಲೇ ತಿಳಿಯುತ್ತದೆ. ವರ್ಣಸಂಯೋಗದ ತತ್ತ್ವವೂ ಇದೇ ಆದುದರಿಂದ ಉಳಿದ ಮಕ್ಕಳಿಗೂ ಕಾಗುಣಿತದ ಮರ್ಮ ತಿಳಿಯುತ್ತದೆ. ಒಂದು ಮಗುವಿಗಾಗಿ ಮಾಡಿದ ಮಾರ್ಪಾಡು ತರಗತಿಗೆಲ್ಲ ಲಾಭವಾಗುವ ಬಗೆ ಇದು.

ಅಂತೆಯೇ, ಕಿವಿ ಮಂದವಾದ ಮಗು ಉಪಾಧ್ಯಾಯರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ಗ್ರಹಿಸಲು ಯತ್ನಿಸುತ್ತಿರುತ್ತದೆ. ಅವರು ಹಲಗೆಯ ಕಡೆ ಮುಖಮಾಡಿಕೊಂಡು ಮಾತನಾಡಿದರೆ ಅಷ್ಟು ಹೊತ್ತಿನ ಪಾಠ ಅದಕ್ಕೆ ಇಲ್ಲವಾದಂತೆಯೇ. ಬರೆಯುವುದನ್ನು ಬರೆದು, ತಿರುಗಿ ನಿಂತು, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಹೇಳುವುದಕ್ಕೆ ಹಣ ಬೇಕಾಗಿಲ್ಲ. ಸಂಜ್ಞಾಭಾಷೆಯಲ್ಲಿ ಬೆಳೆದ ಮಗುವಿದ್ದರೆ ಆ ಭಾಷೆ ಬಲ್ಲವರ ನೆರವೂ ಬೇಕು. ಗ್ರಹಣ ನಿಧಾನವಾದ ಮಗುವಿಗೆ ಪಾಠವನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಕೊಡಬೇಕು. ಪರೀಕ್ಷೆಯಲ್ಲಿ ತಾನಾಗಿ ಬರೆಯಲಾರದವರಿಗೆ ಲಿಪಿಕಾರರ ಸಹಾಯವನ್ನೂ, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಸಮಯವನ್ನೂ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿದೆ. ಇದು ರಿಯಾಯಿತಿಯಲ್ಲ, ಬಲ್ಲದ್ದನ್ನು ಬರೆದು ತೋರಿಸಲು ಬೇಕಾದ ಅವಕಾಶ.

ಕಟ್ಟಡದ ವಿಷಯದಲ್ಲಿ ದಾನಿಗಳ ಪಾತ್ರ ಹಿರಿದು. ನಾಡಿನ ಎಷ್ಟೋ ಶಾಲೆಗಳಲ್ಲಿ ಕೋಣೆ ಕಟ್ಟಿಸಿಕೊಟ್ಟ ಪುಣ್ಯಾತ್ಮರ ಹೆಸರಿನ ಶಿಲಾಫಲಕವನ್ನು ಓದಬೇಕಾದರೂ ಮೂರು ಮೆಟ್ಟಿಲು ಹತ್ತಬೇಕು. ಊರುಗೋಲಿನ ಮೇಲೆ ಬರುವ ಬಾಲಕನಿಗೆ ಆ ಮೂರು ಮೆಟ್ಟಿಲುಗಳೇ ಬೆಟ್ಟ. ಒಂದು ಗೇಣು ಎತ್ತರಕ್ಕೆ 12 ಗೇಣು ಉದ್ದದ ಇಳಿಜಾರು ದಾರಿ, ಹಿಡಿದು ನಡೆಯಲು ಪಕ್ಕದಲ್ಲೊಂದು ಕೈಪಿಡಿಗಂಬಿ, ಗಾಲಿಕುರ್ಚಿ ನುಗ್ಗುವಷ್ಟು ಅಗಲವಾದ ಶೌಚಾಲಯದ ಬಾಗಿಲು: ಇವು ಹೊಸದೊಂದು ಕೋಣೆಗಿಂತ ಕಡಿಮೆ ವೆಚ್ಚದವು. ಇವಿಲ್ಲದೆ ಹೊಸ ಕೋಣೆ ಆ ಬಾಲಕನ ಪಾಲಿಗೆ ಕಟ್ಟಿಯೂ ಕಟ್ಟದಂತೆ.

ಶಾಲೆಯ ಹೊರಗೆ ಊರಿದೆ. ಮನೆಯ ಉಳಿದ ಮಕ್ಕಳಿಗೆ ಸಂಬಂಧ ಕುದುರಲಿಕ್ಕಿಲ್ಲವೆಂಬ ಅಂಜಿಕೆಯಿಂದ ಇಂತಹ ಮಗುವನ್ನು ಒಳಕೋಣೆಯಲ್ಲಿ ಇರಿಸುವ ಮನೆಗಳು ಇಂದಿಗೂ ಇವೆ. ಇದು ಪೂರ್ವಕರ್ಮದ ಫಲವೆಂಬ ಮಾತೂ ಕೇಳಿಬರುತ್ತದೆ. ಆ ಮಾತು ತಾಯಿಯ ದುಃಖವನ್ನು ಇಮ್ಮಡಿಗೊಳಿಸುವುದಲ್ಲದೆ ಬೇರೇನನ್ನೂ ಸಾಧಿಸದು. ಉಪಾಧ್ಯಾಯರು ಆ ಮನೆಗೆ ಹೋಗಿ “ತಾಯಿ, ನಾಳೆ ಮಗುವನ್ನು ಶಾಲೆಗೆ ಕಳುಹಿಸಿರಿ, ನಾವಿದ್ದೇವೆ” ಎಂದು ಹೇಳಿಬರುವುದು ಸಾವಿರ ಭಾಷಣಗಳಿಗಿಂತ ಮೇಲು. ಹಳೆಯ ವಿದ್ಯಾರ್ಥಿಗಳು ತಮ್ಮ ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ಕಲಿತು ಹೊರಬಂದವರಿಗೆ ಕೆಲಸ ಕೊಟ್ಟರೆ, ಉಪಾಧ್ಯಾಯರು ಆ ಮನೆಯಲ್ಲಿ ಕೊಟ್ಟ ಭರವಸೆ ಸತ್ಯವಾಗುತ್ತದೆ.

ದಾಸೋಹದಲ್ಲಿ ಬಡಿಸುವವರು ಪಂಕ್ತಿಯ ಕೊನೆಯವರೆಗೂ ನಡೆದು, ಯಾರ ಎಲೆ ಬರಿದಾಗಿದೆಯೆಂದು ನೋಡಿಯೇ ಹಿಂದಿರುಗುತ್ತಾರೆ. ಉಪಾಧ್ಯಾಯರೂ ಪಾಠ ಮುಗಿದ ಮೇಲೆ ಅದೇ ರೀತಿ ಒಮ್ಮೆ ತರಗತಿಯ ಕೊನೆಯ ಸಾಲಿನವರೆಗೂ ನಡೆದು ನೋಡಬೇಕು. ಬರಿದಾದ ಎಲೆಯೊಂದೂ ಉಳಿಯದಿದ್ದರೆ ಆ ಶಾಲೆಯ ವಿದ್ಯಾದಾಸೋಹ ಸಾರ್ಥಕವಾದಂತೆ.